ಯಾರ ಹೆಸರಿನ ಪರಾಕು

ಕಿಲ್ಲೇದಾರ ಗಾದ್ರಿಪಾಲನ ಕೋಟೆಗೆ ದೊರೆಗಳು ಬಂದರು, ಹೋದರು. ನಾಯಕರು ಹೋಗಿ ನವಾಬರಾಯಿತು, ನವಾಬರು ಹೋಗಿ ಸರದಾರರಾಯಿತು. ಬಾವುಟ ಬದಲಾದರೂ ಕಿಲ್ಲೇದಾರ ಬದಲಾಗಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳುವುದು ಪುಣ್ಯಾತ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪಣೆ ಯಾರದಾದರೂ ಸರಿ, ಹಿಂದುಮುಂದು ನೋಡದೆ ಕತ್ತಿ ಎತ್ತುತ್ತಿದ್ದ. ನಿನ್ನೆ ಯಾರ ಉಪ್ಪು ತಿಂದಿದ್ದನೋ ಅವರ ಮೇಲೂ.

ಈಗ ಮತ್ತೊಬ್ಬ ದೊರೆ ಬಂದಿದ್ದ. ಇವನು ಬಲು ಅನುಮಾನದವನು. ಹಾಜರಿಗೆ ನಿಂತ ಒಬ್ಬೊಬ್ಬ ಅಧಿಕಾರಿಯೂ ಹೊಸ ದೊರೆಯ ಹೆಸರು ಹಿಡಿದು ಪರಾಕು ಕೂಗಬೇಕಿತ್ತು. ಗಾದ್ರಿಪಾಲನ ಜೊತೆಗಾರ ಹೊನ್ನೂರಪ್ಪ ನಿನ್ನೆ ಕೂಗಿದ. ಪಾಪ, ರೂಢಿಯ ಬಲ, ಬಾಯಿಗೆ ಹಳೆಯ ಸರದಾರರ ಹೆಸರು ಬಂತು. ಅಲ್ಲೇ ತಲೆ ತೆಗೆಸಿದರು.

ನಾಳೆ ಗಾದ್ರಿಪಾಲನ ಸರದಿ.

ಓಡಿಹೋಗೋಣವೆಂದರೆ ಹೆಂಡತಿ ಮಕ್ಕಳು ಕೋಟೆಯೊಳಗಿದ್ದರು. ಲಾಯದ ಮರೆಯಲ್ಲಿ ನಿಂತು ಹೊಸ ಹೆಸರನ್ನು ಬಾಯಿಪಾಠ ಮಾಡಿದ. ಕುದುರೆಯೊಂದು ಕೆನೆದದ್ದೇ ತಡ, ಬೆಚ್ಚಿಬಿದ್ದವನ ಬಾಯಿಂದ ನವಾಬರ ಹೆಸರು ಜಾರಿತು.

ಹೊಳೆದಂಡೆಯ ಮಠಕ್ಕೆ ಓಡಿಬಂದು, ಚಿಕ್ಕಂದಿನಲ್ಲಿ ತನಗೆ ಅಕ್ಷರ ಕಲಿಸಿದ ಮುಪ್ಪಿನಯ್ಯನವರ ಕಾಲಿಗೆ ಬಿದ್ದ.

“ಬುದ್ಧೀ, ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆಯಿಲ್ಲ. ಹೆದರಿದಾಗ ಯಾವ ಹೆಸರು ಬರುತ್ತದೋ ಏನೋ. ಹಳೆಯದನ್ನೆಲ್ಲ ಮರೆಸುವ ಮಂತ್ರ ಕೊಡಿ.”

“ಮೊದಲು ಒಳಗೆ ಯಾವ ಹೆಸರಿದೆ ಅಂತ ನೋಡೋಣ, ಬಾರಪ್ಪ” ಎಂದು ಗುರುಗಳು ಅವನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೊರಟರು.

ನಡುಹೊಳೆಯಲ್ಲಿ ಸುಳಿಯಿತ್ತು. ಗುರುಗಳು ಬೇಕೆಂದೇ ಹರಿಗೋಲನ್ನು ಅದರ ಬಾಯಿಗೆ ಬಿಟ್ಟು, ಹುಟ್ಟನ್ನು ಮೇಲೆತ್ತಿಕೊಂಡು ಸುಮ್ಮನೆ ಕೂತರು. ಹರಿಗೋಲು ಗಿರಗಿರನೆ ತಿರುಗಿತು, ವಾಲಿತು, ನೀರು ಒಳಕ್ಕೆ ನುಗ್ಗಿತು. ಕಿಲ್ಲೇದಾರನಿಗೆ ಈಜು ಬರುತ್ತಿರಲಿಲ್ಲ. ಅಂಚನ್ನು ತಬ್ಬಿಕೊಂಡು, “ಅವ್ವಾ, ಸತ್ತೆನವ್ವಾ!” ಎಂದು ಕಿರುಚಿಕೊಂಡ.

ಗುರುಗಳು ಹುಟ್ಟು ಹಾಕಿ ದಡ ಮುಟ್ಟಿಸಿದರು. ಗಾದ್ರಿಪಾಲ ತೆವಳಿಕೊಂಡು ಇಳಿದು ಮರಳಿನ ಮೇಲೆ ಬಿದ್ದುಕೊಂಡ.

“ಜೀವ ಹೋಗುವಾಗ ಯಾವ ದೊರೆ ನೆನಪಾದ?” ಎಂದು ಗುರುಗಳು ಕೇಳಿದರು.

ಅವನು ಯೋಚಿಸಿದ. ನಾಯಕರಿಲ್ಲ, ನವಾಬರಿಲ್ಲ, ಸರದಾರರೂ ಇಲ್ಲ. ಸದ್ಯ, ಬದುಕಿದೆ ಎನ್ನಿಸಿತು. ಒಳಗೆ ಯಾರೂ ಇಲ್ಲವೆಂದಮೇಲೆ ನಾಳೆ ಯಾವ ಹಳೆಯ ಹೆಸರು ತಾನೇ ಜಾರೀತು?

“ಒಬ್ಬರೂ ಇಲ್ಲ, ಬುದ್ಧೀ” ಎಂದ ಮುಖವರಳಿಸಿ.

ಗುರುಗಳು ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದರು.

“ಹಾಗಾದರೆ ಅಷ್ಟು ಜನರನ್ನು ಕೊಂದದ್ದು ಯಾರಿಗೋಸ್ಕರವಪ್ಪಾ?”