ಗೋಣಿಚೀಲದಡಿಯ ಜನರೇಷನ್

ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರ ಕೊಟ್ರಬಸಪ್ಪ ಹುಬ್ಬಳ್ಳಿಯ ನನ್ನ ಕಂಪ್ಯೂಟರ್ ಅಂಗಡಿಗೆ ಬಂದವನೇ ಮೇಜು ಗುದ್ದಿದ. “ಮೊಮ್ಮಗನ ಗೇಮಿಗೆ ಹೊಸ ಜನರೇಷನ್ ಪ್ರೊಸೆಸರ್ರೇ ಬೇಕು. ಚೀಲ ಬಿಚ್ಚದ ಮಾಲು ಗುರ್ತಿಸಾಂವ ನಾನು. ಆಟ ತಡವರಿಸಿದ್ರ ಪ್ಯಾಟಿ ತುಂಬ ನಿಮ್ಮ ಹೆಸರು ಕೆಡಸ್ತೀನಿ!”

ಅವನು ತಂದ ಹಣಕ್ಕೆ ಹೊಸ ಪ್ರೊಸೆಸರ್ ಹಾಕಿದರೆ ಆಟದ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಸಣ್ಣದಾಗುತ್ತದೆ. ಆಟ ತಡವರಿಸುವುದು ಖಂಡಿತ.

ಅಂಗಡಿಯಲ್ಲಿ ಬಿಲ್ ಬರೆಯುವ ಹುಡುಗಿ ಎದ್ದಳು. ಒಂದು ಕಂಪ್ಯೂಟರಿನಲ್ಲಿ ಹೊಸ ಪ್ರೊಸೆಸರ್, ಸಣ್ಣ ಕಾರ್ಡು. ಇನ್ನೊಂದರಲ್ಲಿ ಹಿಂದಿನ ಜನರೇಷನ್ ಪ್ರೊಸೆಸರ್, ಉಳಿದ ಹಣಕ್ಕೆ ದೊಡ್ಡ ಕಾರ್ಡು. ಪರದೆ ಮಾತ್ರ ಕಾಣುವಂತೆ ಎರಡಕ್ಕೂ ಗೋಣಿಚೀಲ ಹೊದಿಸಿ ಆಟ ಶುರುಮಾಡಿದಳು.

“ಸಾವ್ಕಾರ್ರ, ಚೀಲ ಬಿಚ್ಚದ ಹೇಳ್ರಿ, ಹೊಸಾದು ಯಾವುದು?”

ಮೊದಲನೆಯದರಲ್ಲಿ ಆಟದ ಕಾರು ಕುಂಟಿತು. “ಥೂ, ಇದು ಹಳೇದು!” ಎರಡನೆಯದರಲ್ಲಿ ಕಾರು ಹಾರಿತು. “ಇದ ನೋಡು ಹೊಸಾದು! ಕಟ್ಟು!”

ಅವಳು ಅದರ ಚೀಲ ಎತ್ತಿದಳು. ಅಡಿಯಲ್ಲಿದ್ದ ಕಂಪ್ಯೂಟರ್ ಹಿಂದಿನ ಜನರೇಷನ್ನಿನದು.

ಸಾಹುಕಾರ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಅಂದ: “ಯವ್ವಾ, ಇದನ್ನ ಕಟ್ಟು. ಆ ಚೀಲಾನೂ ಕೊಡು. ಮುಚ್ಚಿಟ್ಟು ಊರಾಗ ಹೊಸಾದು ಅಂತೀನಿ.”

ಮಾಲು ತೋರಿಸಿ ಮಾರುವುದರಲ್ಲೇ ನನ್ನ ಕೂದಲು ನರೆತಿತ್ತು. ಮುಚ್ಚಿ ಮಾರಿದ್ದನ್ನು ಅವತ್ತೇ ಕಂಡೆ. ನಾನು ಆ ಹುಡುಗಿಗೆ ಕೈ ಮುಗಿದೆ.