ಸದ್ದಿಲ್ಲದೆ ಇಳಿದ ಲಾರಿ

"ಗುರುಗಳೇ, ಮೇಲೆ ನಿಂತು ಹೇಳುವವರು ಯಾರೂ ಇಲ್ಲದಿದ್ದರೆ ಮನುಷ್ಯ ಸ್ವತಂತ್ರನಾದಂತೆ ಅಲ್ಲವೇ?"

ಹೀಗೆ ಕೇಳಿದವನು ಚೆನ್ನವೀರ ಎಂಬ ಶಿಷ್ಯ. ಅವನು ಮಠದ ದಾಸೋಹದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ. ಅಲ್ಲಿಯ ಹಿರಿಯರು ದಿನವೂ ಅವನಿಗೆ ಏನಾದರೊಂದು ಹೇಳುತ್ತಿದ್ದರು. ಅವನೂ ಸುಮ್ಮನಿರುತ್ತಿರಲಿಲ್ಲ, ಎದುರು ಮಾತಾಡುತ್ತಿದ್ದ. ಈಗ ದೂರದ ಒಂದು ಊರಿನವರು ಅವನನ್ನು ಕರೆದಿದ್ದರು. ಅವರ ಊರಿನ ಚಿಕ್ಕ ಮಠ ಖಾಲಿಯಿತ್ತು. ಅಲ್ಲಿ ಅವನೊಬ್ಬನೇ ಇರಬೇಕು, ಅವನು ಹೇಳಿದ್ದೇ ಮಾತು. ಹೋಗಲು ಗುರುಗಳ ಅಪ್ಪಣೆ ಬೇಕಿತ್ತು. ಅವನು ಅಪ್ಪಣೆಯನ್ನು ನೇರವಾಗಿ ಕೇಳದೆ ಈ ಪ್ರಶ್ನೆ ಕೇಳಿದ. ಗುರುಗಳಿಗೆ ಅದು ಅರ್ಥವಾಯಿತು.

ಅವರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ಅವನು ಒಬ್ಬ ಅಕ್ಕಿ ವ್ಯಾಪಾರಿಯ ಲಾರಿಯನ್ನು ಓಡಿಸುತ್ತಿದ್ದ. ಬಯಲುಸೀಮೆಯಿಂದ ಅಕ್ಕಿ ತುಂಬಿಕೊಂಡು ಘಾಟಿ ಇಳಿದು ಕರಾವಳಿಗೆ ಹೋಗುವುದು, ಅಲ್ಲಿಂದ ಹೆಂಚು ತುಂಬಿಕೊಂಡು ಮೇಲೆ ಬರುವುದು. ಇದೇ ಅವನ ಕೆಲಸ.

ಘಾಟಿಯ ತಲೆಯಲ್ಲಿ ಒಂದು ಚಿಕ್ಕ ಗುಡಿ ಇತ್ತು. ಇಳಿಯುವ ಮೊದಲು ಎಲ್ಲ ಚಾಲಕರೂ ಅಲ್ಲಿ ನಿಲ್ಲಿಸಿ ಕಾಯಿ ಒಡೆಯುತ್ತಿದ್ದರು. ಹೆಚ್ಚಿನವರು ಕಾಯಿ ಒಡೆದು ಹೊರಟುಬಿಡುತ್ತಿದ್ದರು. ಈ ಚಾಲಕ ಹಾಗಲ್ಲ. ಕಾಯಿ ಒಡೆದ ಮೇಲೆ ಲಾರಿಯ ಕೆಳಗೆ ನುಸುಳಿ ಅಂಗಾತ ಮಲಗಿ ಕಿವಿಗೊಡುತ್ತಿದ್ದ. ಏಕೆಂದರೆ ಲಾರಿಯ ಬ್ರೇಕು ಗಾಳಿಯಿಂದ ನಡೆಯುತ್ತದೆ. ಎಂಜಿನ್ ಓಡುವಾಗ ಗಾಳಿ ಟ್ಯಾಂಕಿನಲ್ಲಿ ತುಂಬಿಕೊಳ್ಳುತ್ತದೆ, ಬ್ರೇಕು ಒತ್ತಿದಾಗ ಆ ಗಾಳಿಯೇ ಚಕ್ರವನ್ನು ಹಿಡಿಯುತ್ತದೆ. ಎಲ್ಲಾದರೂ ಸೋರುತ್ತಿದ್ದರೆ ಸಣ್ಣಗೆ 'ಸುಸ್' ಎಂದು ಕೇಳಿಸುತ್ತದೆ. ಹಾಗೆ ಕೇಳಿಸಿದ ದಿನ ಅವನು ಲಾರಿ ಇಳಿಸುತ್ತಿರಲಿಲ್ಲ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಗುಡಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಬೇರೆ ಲಾರಿಯವರ ಕೈಯಲ್ಲಿ ವ್ಯಾಪಾರಿಗೆ ಸುದ್ದಿ ಕಳಿಸುತ್ತಿದ್ದ. ವ್ಯಾಪಾರಿ ಉರಿದುಕೊಂಡು ಬರುತ್ತಿದ್ದ.

"ಏನೋ, ಗಾಡಿ ನಂದೋ ನಿಂದೋ?"

"ಗಾಡಿ ನಿಮ್ದ ಐತ್ರಿ ಸಾವ್ಕಾರ್ರ. ಜೀವ ನಂದೈತಿ."

"ನಿನ್ನ ಜೀವಕ್ಕಿಂತ ನಿನ್ನ ಬಾಯಿ ದೊಡ್ಡದೈತಿ" ಎಂದು ವ್ಯಾಪಾರಿ ಬೈಯುತ್ತಿದ್ದ. ಆದರೆ ಬರುವಾಗಲೇ ಮೆಕ್ಯಾನಿಕನನ್ನೂ ಕರೆದುಕೊಂಡೇ ಬಂದಿರುತ್ತಿದ್ದ. ಬೈದೂ ಬೈದು ರಿಪೇರಿ ಮಾಡಿಸುತ್ತಿದ್ದ. ಒಮ್ಮೆಯೂ 'ಇರಲಿ, ಹಾಗೇ ಇಳಿಸು' ಎಂದು ಹೇಳಲಿಲ್ಲ. ಹೇಳಿದ್ದರೂ ಚಾಲಕ ಇಳಿಸುತ್ತಿರಲಿಲ್ಲ.

ಬೈಗುಳ ಕೇಳಿ ಕೇಳಿ ಚಾಲಕನಿಗೆ ಬೇಸರ ಬಂದಿತು. ಸ್ವಂತದ್ದೊಂದು ಲಾರಿ ಬೇಕು ಎಂಬ ಆಸೆ ಹುಟ್ಟಿತು. ಸ್ವಂತ ಎಂದರೆ, ಓಡಿಸುವವನೂ ಅವನೇ, ಮಾಲೀಕನೂ ಅವನೇ. ಹೊಸ ಲಾರಿ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ವ್ಯಾಪಾರಿ ಹಳೆಯ ಲಾರಿಯನ್ನು ಮಾರಲು ನಿಂತಾಗ ಅದನ್ನೇ ಕೊಂಡ. ಅದರ ಒಂದೊಂದು ಬೋಲ್ಟೂ ಅವನಿಗೆ ಗೊತ್ತಿತ್ತು. ಹಣೆಯ ಹಲಗೆಯ ಮೇಲಿದ್ದ ವ್ಯಾಪಾರಿಯ ಮನೆದೇವರ ಹೆಸರನ್ನು ಅಳಿಸಿ ತನ್ನ ಮನೆದೇವರ ಹೆಸರನ್ನು ಬರೆಸಿದ.

ಅವನಿಗಿಂತ ಅವನ ಹೆಂಡತಿಗೆ ಹೆಚ್ಚು ಸಂತೋಷವಾಯಿತು. ಅವಳ ತಂಗಿಯನ್ನು ಕರಾವಳಿಗೆ ಕೊಟ್ಟಿದ್ದರು. ಆ ತಂಗಿ ಹೆತ್ತು ಬಾಣಂತಿಯಾಗಿದ್ದಳು. ತನ್ನ ಗಂಡ ಅದೇ ಊರಿಗೆ ಹೋಗಿ ಬರುತ್ತಿದ್ದರೂ ಇವಳು ಹೋಗುವಂತಿರಲಿಲ್ಲ, ಏಕೆಂದರೆ ವ್ಯಾಪಾರಿಯ ಲಾರಿಯಲ್ಲಿ ಮನೆಯವರನ್ನು ಕೂರಿಸಿಕೊಳ್ಳಲು ಒಪ್ಪಿಗೆ ಇರಲಿಲ್ಲ. ಈಗ ಕೇಳುವವರು ಯಾರು? ಸ್ವಂತ ಲಾರಿಯ ಮೊದಲ ಲೋಡಿನ ದಿನವೇ ಅವಳೂ ಹೊರಟಳು. ಬಾಣಂತಿಗೆಂದು ಅಂಟಿನುಂಡೆ ಕಟ್ಟಿ ಡಬ್ಬಿಯಲ್ಲಿ ತುಂಬಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಕೂತಳು.

ಘಾಟಿಯ ತಲೆಯಲ್ಲಿ ಲಾರಿ ನಿಲ್ಲಿಸಿ ಚಾಲಕ ಕಾಯಿ ಒಡೆದ. ಕೆಳಗೆ ನುಸುಳಲಿಲ್ಲ. ಕಾಯಿ ಮಾರುವವನು ಅದನ್ನು ಗಮನಿಸಿದ.

"ಯಾಕಣ್ಣಾ, ಇವತ್ತ ಗಾಡಿ ಬುಡಕ ಹೋಗಲಿಲ್ಲ? ಸಾವ್ಕಾರ ಆದ ಮ್ಯಾಲೆ ಅಂಗಿ ಹೊಲಸ ಆಗ್ತದೇನು?"

"ಹೊಸಾ ಅಂಗಿ ಐತಪಾ. ಹೆಂಡ್ತಿ ಬೈತಾಳ" ಎಂದು ಚಾಲಕ ನಕ್ಕ.

ಅವನು ಕೆಳಗೆ ಹೋಗದಿದ್ದುದಕ್ಕೆ ಅಂಗಿ ಕಾರಣವಲ್ಲ. ಕೆಳಗೆ ಹೋಗದೆಯೇ ಆ ಸದ್ದು ಅವನಿಗೆ ಕೇಳಿಸಿತ್ತು. ಎಷ್ಟೋ ವರ್ಷ ಅದನ್ನೇ ಹುಡುಕಿದ ಕಿವಿ ಅದು. ನಿಲ್ಲಿಸು ಎಂದು ಮನಸ್ಸು ಹೇಳಿತು. ಕೈ ಕೀಲಿಯನ್ನು ಜೇಬಿನತ್ತ ಒಯ್ದಿತು ಕೂಡ. ಆದರೆ ಮೆಕ್ಯಾನಿಕನನ್ನು ಈಗ ಯಾರು ಕಳಿಸಬೇಕು? ಅವನೇ ಹೋಗಿ ಕರೆತರಬೇಕು. ಅಷ್ಟರಲ್ಲಿ ದಿನ ಮುಗಿಯುತ್ತದೆ. ಮೊದಲ ಲೋಡೇ ತಡವಾದರೆ ಎರಡನೆಯದನ್ನು ಯಾರೂ ಕೊಡುವುದಿಲ್ಲ. ಎಂಜಿನ್ ಓಡುತ್ತಿದ್ದರೆ ಸೋರಿದಷ್ಟು ಗಾಳಿ ಮತ್ತೆ ತುಂಬುತ್ತದೆ, ಸಣ್ಣ ಗೇರಿನಲ್ಲಿ ಮೆಲ್ಲಗೆ ಇಳಿದರಾಯಿತು, ಬರುವಾಗ ರಿಪೇರಿ ಮಾಡಿಸೋಣ ಎಂದುಕೊಂಡ. ಅವನ ಎಣಿಕೆಯಲ್ಲಿ ತಪ್ಪಿರಲಿಲ್ಲ. ಹಾಗೆಯೇ ಇಳಿದಿದ್ದರೆ ಬಹುಶಃ ಊರು ಮುಟ್ಟುತ್ತಿದ್ದರು.

ಮೊದಲ ತಿರುವುಗಳನ್ನು ಹಾಗೆಯೇ ಇಳಿದ. ಆಮೇಲೆ ನೆಟ್ಟಗಿನ ಇಳಿಜಾರು ಬಂತು. ಅಲ್ಲಿ ಕೆಲವು ಚಾಲಕರು ಡೀಸೆಲ್ ಉಳಿಸಲು ಗೇರು ತೆಗೆದು, ಎಂಜಿನ್ ಆರಿಸಿ, ಲಾರಿಯನ್ನು ಹಾಗೆಯೇ ಉರುಳಲು ಬಿಡುತ್ತಾರೆ. ಆಳಾಗಿದ್ದಾಗ ಇವನು ಅಂಥವರನ್ನು ಕಂಡರೆ ಲಾರಿ ನಿಲ್ಲಿಸಿ ಬೈಯುತ್ತಿದ್ದ. ಆಗ ಡೀಸೆಲ್ ವ್ಯಾಪಾರಿಯದು. ಈಗ ಡೀಸೆಲ್ ತನ್ನದು. ಈ ನೆಟ್ಟಗಿನ ದಾರಿ ಮುಗಿಯುವವರೆಗೆ ಮಾತ್ರ ಎಂದು ಅವನು ಗೇರು ತೆಗೆದ, ಎಂಜಿನ್ ಆರಿಸಿದ.

ಹೆಂಡತಿ ಸುತ್ತ ನೋಡಿದಳು.

"ಯಾಕ, ಗಾಡಿ ಇಷ್ಟು ಸುಮ್ಮನ ಹೊಂಟೈತಿ?"

"ನಮ್ದ ಗಾಡಿ ಅಲ್ಲೇನ, ಅದಕ್ಕ" ಎಂದ ಅವನು.

ಅವಳು ನಕ್ಕಳು. ಅವಳಿಗೆ ಆ ಮಾತು ಹಿಡಿಸಿತು.

ತಿರುವು ಬಂದಾಗ ಅವನು ಬ್ರೇಕು ಒತ್ತಿದ. ಕಾಲು ಬರಿದಾಗಿ ಕೆಳಗೆ ಹೋಯಿತು. ಟ್ಯಾಂಕಿನಲ್ಲಿ ಗಾಳಿ ಇರಲಿಲ್ಲ. ಲಾರಿಯ ವೇಗಕ್ಕೆ ಗೇರೂ ಬೀಳಲಿಲ್ಲ. ಒಂದು ಪಕ್ಕ ಕಣಿವೆ, ಒಂದು ಪಕ್ಕ ಬೆಟ್ಟ. ಬ್ರೇಕು ಸಿಗದಿದ್ದರೆ ಬೆಟ್ಟಕ್ಕೆ ಉಜ್ಜಿ ನಿಲ್ಲಿಸಬೇಕೆಂದು ಘಾಟಿಯ ಚಾಲಕರಿಗೆಲ್ಲ ಗೊತ್ತು. ಅವನೂ ಅದನ್ನೇ ಮಾಡಿದ. ಕಲಿತ ಕೈ ತಪ್ಪಲಿಲ್ಲ. ಲಾರಿ ನಿಂತಿತು.

ಬೆಟ್ಟ ಎಡಗಡೆಗಿತ್ತು. ಅವಳು ಕೂತದ್ದೂ ಎಡಗಡೆಗೆ.

ಅವನಿಗೆ ಹೆಚ್ಚೇನೂ ಆಗಲಿಲ್ಲ. ಅಂಟಿನುಂಡೆಯ ಡಬ್ಬಿಗೂ ಏನೂ ಆಗಲಿಲ್ಲ, ಮುಚ್ಚಿದಂತೆಯೇ ಇತ್ತು. ಅದನ್ನು ಯಾರೋ ಬಾಣಂತಿಗೆ ಮುಟ್ಟಿಸಿದರು.

ಹೆಂಡತಿಯ ಮಣ್ಣು ಮುಗಿದ ಮೇಲೆ ವ್ಯಾಪಾರಿ ಮಾತಾಡಿಸಲು ಬಂದ. ಪಕ್ಕದಲ್ಲಿ ಕೂತು ಕೇಳಿದ.

"ಗಾಳಿ ಸದ್ದು ನಿನಗ ಕೇಳಲಿಲ್ಲೇನೋ?"

"ಕೇಳಿತ್ರಿ."

"ನನ್ನ ಗಾಡಿ ಆಗಿದ್ರ?"

"ನಿಲ್ಲಸ್ತಿದ್ನಿರಿ. ನೀವು ಎಷ್ಟ ಬೈದ್ರೂ ನಿಲ್ಲಸ್ತಿದ್ನಿ."

ವ್ಯಾಪಾರಿಗೆ ಬೈಯಲು ಬಾಯಿ ಬರಲಿಲ್ಲ. ಅವನು ಬೈಯಲಿ ಎಂದು ಚಾಲಕ ಕಾದು ಕೂತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಅಡುಗೆಮನೆಯ ಕಡೆಯಿಂದ ಯಾರೋ ಚೆನ್ನವೀರನ ಹೆಸರು ಹಿಡಿದು ಕೂಗುತ್ತಿದ್ದರು, ಒಲೆ ಹಾಗೇ ಬಿಟ್ಟು ಎಲ್ಲಿ ಹೋದ ಎಂದು. ಅವನು ಏಳಲಿಲ್ಲ. ಕತೆ ಅವನಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ.

"ಆದರೆ ಗುರುಗಳೇ, ಇಳಿಸು ಎಂದು ಅವನಿಗೆ ಯಾರೂ ಹೇಳಲಿಲ್ಲವಲ್ಲ. ಹಳೆಯ ಒಡೆಯನ ಎದುರು ಅಷ್ಟು ಗಟ್ಟಿಯಾಗಿ ನಿಂತವನು, ಒಡೆಯನೇ ಇಲ್ಲದ ದಿನ ಏಕೆ ನಿಲ್ಲಲಾರದೆ ಹೋದ?"

ಗುರುಗಳು ಹೇಳಿದರು: "ಒಡೆಯನಿದ್ದ, ಮಗು. ಚಾಲಕನ ಮಾತನ್ನು ಕೇಳದ ಒಡೆಯ ಅವನಿಗೆ ಸಿಕ್ಕಿದ್ದು ಅಂದೇ ಮೊದಲು."

ಅಡುಗೆಮನೆಯವರು ಮತ್ತೊಮ್ಮೆ ಕೂಗಿದರು. ಚೆನ್ನವೀರ ಎದ್ದು ಒಲೆಯ ಕಡೆಗೆ ನಡೆದ.