ಈರಸಂಗಪ್ಪನ ನಡುನೋವು, ತಮ್ಮನ ಸೇವೆ

ಪೂಜ್ಯ ನಿರಂಜನಜ್ಜನವರು ವಾಸವಿದ್ದದ್ದು ಕುಪ್ಪಸದ ಖಣ ನೇಯುವವರ ಓಣಿಯ ತುದಿಯಲ್ಲಿ, ತಗಡು ಹೊದಿಸಿದ ಒಂದೇ ಕೋಣೆಯಲ್ಲಿ. ಮಠವೆಂದರೆ ಒಂದು ಕಂಬಳಿ, ಒಂದು ತಂಬಿಗೆ, ಪೂಜೆಗೊಂದು ಮಣೆ. ಎಂಬತ್ತು ದಾಟಿದ್ದರೂ ಅಜ್ಜನವರು ಬೆನ್ನು ಬಾಗಿಸದೆ ಕೂರುತ್ತಿದ್ದರು. ಅದು ತಪಸ್ಸಿನ ಫಲವೆಂದು ಓಣಿಯವರು ಕೈಮುಗಿದು ಸುಮ್ಮನಾಗಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ನೇಕಾರ ಈರಸಂಗಪ್ಪ ಗೋಡೆ ಹಿಡಿದುಕೊಂಡು ಬಂದ. ಬಂದದ್ದೇ ಸಿಟ್ಟಿನಲ್ಲಿ. ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಮೂವತ್ತು ವರ್ಷ ಕೂತ ನಡು ಈಗ ಕುಣಿಗೆ ಇಳಿಯಲೂ ಬಿಡುತ್ತಿರಲಿಲ್ಲ. ಬಿಸಿ ಇಟ್ಟಿಗೆಯ ಕಾವು, ಎಣ್ಣೆ, ಎರಡು ತಾಯತ, ಎಲ್ಲ ಮುಗಿದಿದ್ದವು. "ಯುಗಾದಿಯೊಳಗ ನೀವು ಮಗ್ಗಕ್ಕ ಕೂಡಲಿಲ್ಲಂದ್ರ ಕುಣಿ ಮುಚ್ಚಿಸಿಬಿಡೂಣು" ಎಂದು ಹೆಂಡತಿ ನೀಲವ್ವ ಹೇಳಿಯಾಗಿತ್ತು. ತಂದೆ ತೋಡಿದ ಕುಣಿಗೆ ಮಣ್ಣು ಬೀಳುವುದನ್ನು ನೆನೆದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಭಸ್ಮಕ್ಕೆ ಕೈಯೊಡ್ಡಿದವನಿಗೆ ಅಜ್ಜನವರು ನೆಲ ತೋರಿಸಿದರು. ಅಂಗಾತ ಮಲಗಿ, ಮೊಣಕಾಲು ಮಡಚಿ, ಹೊಟ್ಟೆ ಬಿಗಿಹಿಡಿದು ನಿಧಾನವಾಗಿ ಸೊಂಟ ಎತ್ತಬೇಕು. ಹತ್ತು ಎಣಿಸಿ ಇಳಿಸಬೇಕು. ದಿನಕ್ಕೆರಡು ಹೊತ್ತು, ನಲವತ್ತು ದಿನ. ಅಪ್ಪಣೆ ಇಷ್ಟೇ.

"ಇದನ್ನ ಹೇಳಾಕ ಸ್ವಾಮಿ ಯಾಕ ಬೇಕು, ಗರಡಿಮನಿ ಪೈಲ್ವಾನ ಸಾಲದ?" ಎಂದು ಈರಸಂಗಪ್ಪ ದಾರಿಯುದ್ದಕ್ಕೂ ಗೊಣಗಿದ. ನಮ್ಮ ಜನಕ್ಕೆ ಗುರುಗಳ ಪಾದ ಹಿಡಿಯುವುದು ಸಲೀಸು, ಅವರು ಹೇಳಿದ್ದನ್ನು ಮಾಡುವುದೇ ಕಷ್ಟ.

ನಲವತ್ತೊಂದನೆಯ ದಿನ ಅವನು ತಮ್ಮ ಅಂದಾನಪ್ಪನ ಹೆಗಲು ಹಿಡಿದು ಮತ್ತೆ ಬಂದ. "ಒಂದ ಹೊತ್ತೂ ತಪ್ಪಿಲ್ಲರಿ ಅಜ್ಜಾರ. ಎಳ್ಳಷ್ಟೂ ಗುಣಾ ಇಲ್ಲ!"

"ಮಾಡಿದವರ್ಯಾರು?" ಎಂದರು ಅಜ್ಜನವರು.

"ಮೂರು ದಿನ ನಾನ ಮಾಡಿದೆ, ನೋವು ತಡಕೊಳ್ಳಾಕ ಆಗಲಿಲ್ಲ. ಆಮ್ಯಾಲೆ ನನ್ನ ಹೆಸರಿನ್ಯಾಗ ಇಂವ ಮಾಡ್ಯಾನ್ರಿ. ರುದ್ರಾಭಿಷೇಕಾನೂ ಗುಡಿ ಅಯ್ಯನವರ ಮಾಡ್ತಾರ, ಫಲ ನಮಗ ಬರೂದಿಲ್ಲೇನ್ರಿ? ದಿನಾ ಸಂಕಲ್ಪ ಮಾತ್ರ ನಾನ ಹೇಳೇನಿ."

"ನನ್ನ ನಡು ಕಬ್ಬಿಣ ಆಗೇತ್ರಿ" ಎಂದ ಅಂದಾನಪ್ಪ, ತಲೆ ತಗ್ಗಿಸಿ.

ಎಂದೂ ತಾಳ್ಮೆಗೆಡದ ಅಜ್ಜನವರು ಹಣೆ ಹಣೆ ಬಡಿದುಕೊಂಡರು. ಆಮೇಲೆ ಕೈಯೂರಿ, ನರಳುತ್ತ ಕಂಬಳಿಯ ಮೇಲೆ ಅಂಗಾತ ಮಲಗಿ ಸೊಂಟ ಎತ್ತಿದರು. ಮುಪ್ಪಿನ ತೊಡೆಗಳು ಗಡಗಡ ನಡುಗಿದವು. ಹತ್ತು ಎಣಿಸಿದ ಮೇಲೆಯೇ ಇಳಿಸಿದರು.

"ಹರೇದಾಗ ಬಾವಿ ಕಲ್ಲು ಹೊತ್ತು ಕೆಟ್ಟ ನಡು ಇದು. ಅರವತ್ತು ವರ್ಷ ಆತು, ಒಂದಿನಾ ಇದನ್ನ ಬಿಟ್ರ ಏಳಾಕ ಆಗಂಗಿಲ್ಲ. ನನ್ನ ಹತ್ರ ಇದ್ದದ್ದ ನಿನಗ ಕೊಟ್ಟೇನಪ್ಪ."

ಇಷ್ಟು ವರ್ಷ ಈರಸಂಗಪ್ಪ ಕೈಮುಗಿದ ಆ ಬೆನ್ನು ದಿನವೂ ನೋಯುತ್ತಿತ್ತು, ಅವನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಿಂದ ಕಣ್ಣು ತುಂಬಿಕೊಂಡವು. ಅಜ್ಜನವರ ಪಕ್ಕದಲ್ಲೇ ಮಲಗಿ ಮೊಣಕಾಲು ಮಡಚಿದ. ಸೊಂಟ ಎತ್ತುತ್ತಲೇ ಚೀರಿದ. ಅಜ್ಜನವರು "ಒಂದು" ಎಂದು ಎಣಿಸತೊಡಗಿದರು.

ಯುಗಾದಿಗೆ ಕುಣಿ ಮುಚ್ಚಲಿಲ್ಲ. ಮಗ್ಗ ಮೊದಲು ಅರ್ಧ ದಿನ ನಡೆಯಿತು, ಆಮೇಲೆ ಇಡೀ ದಿನ. ಅಜ್ಜನವರು ಲಿಂಗೈಕ್ಯರಾದ ಮೇಲೆ, ಅವರು ಮಾಡಿದ ಪವಾಡವೇನೆಂದು ಪರಸ್ಥಳದ ಭಕ್ತರು ಕೇಳಿದರೆ ಈರಸಂಗಪ್ಪ ರೇಗುತ್ತಿದ್ದ:

"ಪವಾಡ ಮಾಡಿದ್ರ ನಾ ಯಾಕ ದಿನಾ ಎದ್ದು ಹಿಂಗ ಬೆವರತಿದ್ದೆ? ತಮಗೂ ನೋಯತೈತಿ ಅಂತ ತೋರಿಸಿ, ನನ್ನ ಬಾಜೂಕ ಮಲಗಿದ್ರು!"